ಹೊಸ ಝೂಮ್ ಲೆನ್ಸ್ ಬಂತಾ? ಮೊದಲ ವಾರದಲ್ಲೇ ಪರೀಕ್ಷೆ ಮಾಡಿಬಿಡಿ

ಲೆನ್ಸ್ ಕೊಳ್ಳುವ ಮುಂಚೆ ಎಲ್ಲರೂ ಹತ್ತಾರು ವಿಡಿಯೋ ನೋಡುತ್ತಾರೆ. ಕೊಂಡ ಮೇಲೆ ಪರೀಕ್ಷೆ ಮಾಡುವವರು ತುಂಬಾ ಕಡಿಮೆ. ವಿಡಿಯೋದವರು ಹೊಗಳಿದ್ದು ಅವರ ಕೈಯಲ್ಲಿದ್ದ ಪೀಸನ್ನು. ನಿಮ್ಮ ಮನೆಗೆ ಕೊರಿಯರ್‌ನಲ್ಲಿ ಬಂದಿರುವುದು ಬೇರೆ ಪೀಸು. ಮಾಡೆಲ್ ಒಂದೇ ಆದರೂ ಎರಡೂ ಒಂದೇ ತರ ಇರಬೇಕು ಅಂತೇನಿಲ್ಲ. ಈ ತರದ ಝೂಮ್ ಒಳಗೆ ಹೆಚ್ಚಾಗಿ 15ರಿಂದ 18 ಗಾಜುಗಳಿರುತ್ತವೆ. ಝೂಮ್ ತಿರುಗಿಸಿದಾಗ ಅವುಗಳಲ್ಲಿ ಕೆಲವು ಹಿಂದೆ ಮುಂದೆ ಸರಿಯುತ್ತವೆ. ಒಂದು ಗಾಜು ಚೂರೇ ಚೂರು ಓರೆಯಾಗಿ ಕೂತಿದ್ದರೂ ಸಾಕು, ಫೋಟೋದ ಒಂದು ಮೂಲೆ ಮಸುಕು.

ನಾನು ಚಿಕ್ಕಮಗಳೂರಿನಲ್ಲಿ ಮದುವೆ, ನಾಮಕರಣ, ಹೋಂಸ್ಟೇ ಫೋಟೋ ತೆಗೆಯುವವಳು. "ಅಕ್ಕಾ, ಈ ಲೆನ್ಸ್ ಚೆನ್ನಾಗಿದೆಯಾ ನೋಡಿ" ಅಂತ ಹುಡುಗರು ಸ್ಟುಡಿಯೋಗೆ ಬರುತ್ತಲೇ ಇರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಚಾರ್ಟ್ ಬೇಡ, ಲ್ಯಾಬ್ ಬೇಡ. ಒಂದು ಟವರ್, ಒಂದು ಗೋಡೆ, ಒಂದು ಟಾರ್ಚ್, ಒಂದು ಟ್ರೈಪಾಡ್ ಇದ್ದರೆ ಆಯಿತು.

ಮೊದಲು ನಿಮ್ಮ ಹಳೇ ಫೋಟೋ ನೋಡಿ

ಮಾತು ಮಧ್ಯಮ ದರ್ಜೆಯ ದಿನಬಳಕೆ ಝೂಮ್ ಬಗ್ಗೆ. 18-55 ಅಂದರೆ ಎಷ್ಟು ಎಂಎಂನಿಂದ ಎಷ್ಟು ಎಂಎಂವರೆಗೆ ಝೂಮ್ ಆಗುತ್ತದೆ ಅಂತ, ನಂಬರ್ ಚಿಕ್ಕದಾದಷ್ಟೂ ಅಗಲ ಕಾಣುತ್ತದೆ. ಎಫ್ ನಂಬರ್ ಅಂದರೆ ಅಪರ್ಚರ್, ಬೆಳಕು ಒಳಗೆ ಬರುವ ಕಿಂಡಿಯ ಅಳತೆ, ಅದು ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್‌ಗಿಂತ ಮೇಲೆ, ಕ್ಯಾಮೆರಾ ಕಂಪನಿಗಳ ದುಬಾರಿ 24-70 ಎಫ್ 2.8ಗಿಂತ ಕೆಳಗೆ. ಫುಲ್ ಫ್ರೇಮ್, ಅಂದರೆ ಹಳೇ ಫಿಲ್ಮ್ ಗಾತ್ರದ ಸೆನ್ಸರ್ ಇರುವವರಿಗೆ ಕ್ಯಾನನ್ ಅಥವಾ ಸೋನಿಯ 24-105 ಎಫ್ 4, ನಿಕಾನ್‌ನ 24-120 ಎಫ್ 4, ಟ್ಯಾಮ್ರಾನ್‌ನ 28-75 ಎಫ್ 2.8. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್‌ನವರಿಗೆ ಫ್ಯೂಜಿಯ 18-55 ಎಫ್ 2.8-4, ಟ್ಯಾಮ್ರಾನ್‌ನ 17-70 ಎಫ್ 2.8, ಈ ಸಾಲಿನವು. ಕ್ರಾಪ್ ಇದ್ದರೆ ನಂಬರನ್ನು 1.5ರಿಂದ ಗುಣಿಸಿ, ಕ್ಯಾನನ್ ಆದರೆ 1.6ರಿಂದ. ಆಗ ಫುಲ್ ಫ್ರೇಮ್ ಲೆಕ್ಕಕ್ಕೆ ಬರುತ್ತದೆ.

ಪ್ರತಿ ಫೋಟೋ ಫೈಲ್‌ನಲ್ಲೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದಿದ್ದು ಅಂತ ದಾಖಲಾಗಿರುತ್ತದೆ. ಫೋಟೋ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್ ಇದ್ದರೆ ಫಿಲ್ಟರ್ ಹಾಕಿ ನೋಡಿ. ಕಳೆದ ವರ್ಷದ ಒಳ್ಳೆಯ ಫೋಟೋಗಳು ಎಲ್ಲಿ ಗುಂಪಾಗಿವೆ ಅಂತ ಗೊತ್ತಾಗುತ್ತದೆ. ಬಹಳ ಜನರಿಗೆ ಎರಡೇ ಕಡೆ ಗುಂಪು. ಒಂದು ಪೂರ್ತಿ ಅಗಲದಲ್ಲಿ, ಇನ್ನೊಂದು ಪೂರ್ತಿ ಝೂಮ್‌ನಲ್ಲಿ. ಹಾಗಿದ್ದ ಮೇಲೆ ಲೆನ್ಸಿನ ಆ ಎರಡು ತುದಿಯನ್ನೇ ಗಟ್ಟಿಯಾಗಿ ಪರೀಕ್ಷೆ ಮಾಡಬೇಕು. ನಡುವಿನ 50 ಎಂಎಂ ಎಷ್ಟು ಶಾರ್ಪ್ ಇದ್ದರೆ ನಿಮಗೇನು?

24ಕ್ಕೂ 28ಕ್ಕೂ ನಾಲ್ಕೇ ಎಂಎಂ ವ್ಯತ್ಯಾಸ ಅಂತ ಹಗುರವಾಗಿ ತಗೋಬೇಡಿ. ಫುಲ್ ಫ್ರೇಮ್‌ನಲ್ಲಿ 24 ಎಂಎಂ ಸುಮಾರು 84 ಡಿಗ್ರಿ ನೋಡುತ್ತದೆ, 28 ಎಂಎಂ ಸುಮಾರು 75. ಬಯಲಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ, ಎರಡು ಹೆಜ್ಜೆ ಹಿಂದೆ ಹೋದರೆ ಮುಗಿಯಿತು. ಹಳೇ ತೊಟ್ಟಿ ಮನೆಯ ಜಗಲಿಯಲ್ಲಿ ಅಜ್ಜಿಯಿಂದ ಮೊಮ್ಮಗುವರೆಗೆ ಎಲ್ಲರನ್ನೂ ಕೂರಿಸಿಕೊಂಡು ನಿಂತರೆ ಹಿಂದೆ ಹೋಗಲು ಜಾಗ ಇರುವುದಿಲ್ಲ, ಬೆನ್ನಿಗೆ ಕಂಬ ತಾಗುತ್ತದೆ. ಹೋಂಸ್ಟೇ ರೂಮುಗಳೂ ಹಾಗೇ. ಇಂಥ ಕೆಲಸ ಜಾಸ್ತಿ ಇರುವವರು 28ರಿಂದ ಶುರುವಾಗುವ ಲೆನ್ಸ್ ತಗೊಂಡರೆ ಜೊತೆಗೆ ಇನ್ನೊಂದು ವೈಡ್ ಲೆನ್ಸ್ ದುಡ್ಡೂ ಲೆಕ್ಕ ಹಾಕಿಕೊಳ್ಳಿ.

ಎಫ್ 4ಗೂ ಎಫ್ 2.8ಗೂ ಒಂದು ಸ್ಟಾಪ್ ವ್ಯತ್ಯಾಸ. ಅಂದರೆ ಬೆಳಕು ಅರ್ಧಕ್ಕರ್ಧ. ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ) 3200 ಸಾಕಾಗುವಲ್ಲಿ 6400 ಬೇಕಾಗುತ್ತದೆ, ಏರಿಸಿದಷ್ಟೂ ಫೋಟೋ ಕಾಳು ಕಾಳಾಗುತ್ತದೆ. ಈಗಿನ ಕ್ಯಾಮೆರಾಗಳಿಗೆ 6400 ದೊಡ್ಡ ಕಷ್ಟವಲ್ಲ, ಹತ್ತು ವರ್ಷ ಹಳೆಯ ಬಾಡಿ ಇದ್ದರೆ ಕಷ್ಟವೇ. ಇನ್ನು ಎಫ್ 3.5-5.6 ತರದ ಬದಲಾಗುವ ಅಪರ್ಚರ್ ಇರುವ ಲೆನ್ಸ್‌ಗಳಿವೆ. ಅಪರ್ಚರ್ ಪೂರ್ತಿ ತೆರೆದು, ಫ್ಲ್ಯಾಶ್ ಮ್ಯಾನ್ಯುಯಲ್‌ನಲ್ಲಿಟ್ಟು ಕೆಲಸ ಮಾಡುವವರಿಗೆ ಅವು ತಲೆನೋವು. ಝೂಮ್ ಮಾಡಿದ ತಕ್ಷಣ ಫೋಟೋ ಕತ್ತಲಾಗುತ್ತದೆ.

ತೂಕ ಕೂಡ ನೋಡಿ. ಸೋನಿ 24-105 ಸುಮಾರು 660 ಗ್ರಾಂ, ಕ್ಯಾನನ್‌ನ ಆರ್‌ಎಫ್ 24-105 ಎಫ್ 4 ಸುಮಾರು 700 ಗ್ರಾಂ, ಟ್ಯಾಮ್ರಾನ್ 28-75 ಸುಮಾರು 550. ಅಂಗಡಿಯಲ್ಲಿ ಎತ್ತಿ ನೋಡಿದರೆ ಎಲ್ಲವೂ ಹಗುರ. ಮುಹೂರ್ತದಿಂದ ಊಟದ ಪಂಕ್ತಿವರೆಗೆ ಹಿಡಿದುಕೊಂಡ ಮೇಲೆ ಮಣಿಕಟ್ಟು ಬೇರೆಯೇ ಮಾತು ಹೇಳುತ್ತದೆ.

ಕ್ಯಾಮೆರಾಗೆ ಹಾಕುವ ಮುಂಚೆ

ಸೆಕೆಂಡ್ ಹ್ಯಾಂಡ್ ಆದರೆ ಇದೇ ಮುಖ್ಯ ಪರೀಕ್ಷೆ. ನಮ್ಮ ಕಡೆಯ ಲೆನ್ಸ್ ಆದರೆ ಇನ್ನೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಲೆನ್ಸ್ ಮಾತ್ರ ಬಿಡುತ್ತದಾ?

ಮೂಡಿಗೆರೆ ಕಡೆಯ ಹುಡುಗನೊಬ್ಬ ಒಂದು 24-105 ತಂದಿದ್ದ. ಮುಂದಿನ ಗಾಜು ಫಳಫಳ ಅಂತಿತ್ತು, ಮಾರುವವರು ಚೆನ್ನಾಗಿ ಒರೆಸಿ ಕೊಟ್ಟಿದ್ದರು. ಕಿಟಕಿ ಮುಚ್ಚಿ, ಲೈಟ್ ಆರಿಸಿ, ಎರಡೂ ಕಡೆಯ ಕ್ಯಾಪ್ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟೆ. ಮುಂದಿನಿಂದ ನೋಡುತ್ತಾ ನಿಧಾನಕ್ಕೆ ತಿರುಗಿಸಿದೆ. ನೇರವಾಗಿ ಬಿಟ್ಟಾಗ ಏನೂ ಕಾಣಲಿಲ್ಲ. ಓರೆ ಮಾಡಿದ ಕೂಡಲೇ ಮೂರನೆಯದೋ ನಾಲ್ಕನೆಯದೋ ಗಾಜಿನ ಅಂಚಿನಿಂದ ಒಳಗೆ ಬಿಳಿ ಎಳೆಗಳು ಕವಲೊಡೆದಿದ್ದವು, ಜೇಡರ ಬಲೆ ಹಾಗೆ. ಅದೇ ಫಂಗಸ್. "ಬೆಲೆ ತುಂಬಾ ಕಡಿಮೆ ಹೇಳಿದಾರೆ ಅಕ್ಕಾ, ಕ್ಲೀನ್ ಮಾಡಿಸಿದರೆ ಆಗಲ್ವಾ?" ಅಂದ. ಆಗುತ್ತದೆ. ಆದರೆ ಪೂರ್ತಿ ಬಿಚ್ಚಬೇಕು, ಮತ್ತೆ ಗಾಜುಗಳನ್ನು ಸರಿಯಾಗಿ ಕೂರಿಸಬೇಕು, ಫಂಗಸ್ ಲೇಪನವನ್ನು ತಿಂದುಹಾಕಿದ್ದರೆ ಆ ಗುರುತು ಹೋಗುವುದೇ ಇಲ್ಲ. ಬೇಡ ಅಂದೆ.

ಒಳಗೆ ನಾಲ್ಕು ಧೂಳಿನ ಕಣ ಕಂಡರೆ ಹೆದರಬೇಡಿ. ಅದು ಫೋಟೋದಲ್ಲಿ ಕಾಣುವುದಿಲ್ಲ. ಎಳೆ ಎಳೆಯಾಗಿದ್ದರೆ, ಅಥವಾ ಗಾಜಿನ ಮೇಲೆ ಹಾಲು ಬಳಿದಂತೆ ಮಬ್ಬಿದ್ದರೆ ಮಾತ್ರ ವಾಪಸ್ ಕೊಡಿ. ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಹಳೇ ತರದ ಕ್ಯಾಮೆರಾ) ಕಾಲದ ನಿಕಾನ್ ಲೆನ್ಸ್‌ಗಳಲ್ಲಿ ಕ್ಯಾಮೆರಾದಿಂದ ಬಿಚ್ಚಿದಾಗ ಅಪರ್ಚರ್ ಮುಚ್ಚಿಕೊಂಡಿರುವುದೇ ಹೆಚ್ಚು. ಹಿಂದೆ ಇರುವ ಸಣ್ಣ ಲಿವರನ್ನು ಬೆರಳಿಂದ ಸರಿಸಿ ಹಿಡಿದುಕೊಂಡು ನೋಡಿ.

ಆಮೇಲೆ ಲೆನ್ಸನ್ನು ತಲೆಕೆಳಗಾಗಿ ಹಿಡಿದು ಸ್ವಲ್ಪ ಅಲ್ಲಾಡಿಸಿ. ಮುಂಭಾಗ ತಾನಾಗೇ ಜಾರಿ ಇಳಿದರೆ ಒಳಗೆ ಸವೆದಿದೆ ಅಂತ ಅರ್ಥ. ಫೋಟೋಗೆ ತೊಂದರೆ ಇಲ್ಲ, ಬೆಲೆ ಇಳಿಸಲು ಕಾರಣ ಸಿಕ್ಕಿತು. ಝೂಮ್ ರಿಂಗ್ ಒಂದು ಕಡೆ ಮಾತ್ರ ಬಿಗಿ ಹಿಡಿದರೆ ಎಲ್ಲೋ ಬಿದ್ದಿರಬಹುದು. ಫಿಲ್ಟರ್ ಹಾಕುವ ಅಂಚಿನಲ್ಲಿ ತಗ್ಗು ಬಿದ್ದಿದೆಯಾ ನೋಡಿ, ಬಿದ್ದ ಲೆನ್ಸ್ ಅಲ್ಲೇ ಸಿಕ್ಕಿಬೀಳುತ್ತದೆ.

ನಾಲ್ಕು ಮೂಲೆ

ಇದೊಂದನ್ನು ಮಾಡದೆ ಬಿಡಬೇಡಿ. ಉಳಿದದ್ದೆಲ್ಲ ಆಮೇಲೆ.

ಕಡೂರಿನ ಪರಿಚಯದ ಫೋಟೋಗ್ರಾಫರ್ ಒಬ್ಬರು ಒಂದು ಮದುವೆಯ ಗ್ರೂಪ್ ಫೋಟೋ ತಂದು ತೋರಿಸಿದರು. ಎಡಗಡೆ ಕೊನೆಯ ಸೋದರತ್ತೆಯ ಸೀರೆ ಜರಿ ಎಣಿಸಬಹುದು. ಬಲಗಡೆ ಕೊನೆಯಲ್ಲಿ ನಿಂತ ದೊಡ್ಡಪ್ಪನ ಮುಖ ಮಾತ್ರ ಮಸುಕು. ಅಲ್ಲಾಡಿದ್ದಲ್ಲ, ಫೋಕಸ್ ತಪ್ಪಿದ್ದೂ ಅಲ್ಲ. ಬೇರೆ ಫೋಟೋ ತೆಗೆದು ನೋಡಿದರೆ ಅದರಲ್ಲೂ ಬಲಗಡೆ ಮಸುಕು. ಲೆನ್ಸ್ ಹೊಸದೇ. ಒಳಗಿನ ಗಾಜು ಕೇಂದ್ರ ತಪ್ಪಿ ಕೂತಿತ್ತು. ಹೀಗಿರುವುದನ್ನು ಡಿಸೆಂಟರ್ ಆಗಿದೆ ಅನ್ನುತ್ತಾರೆ.

ಪರೀಕ್ಷೆ ಸುಲಭ. ಬೆಳಿಗ್ಗೆ ಬಿಸಿಲು ಏರುವ ಮುಂಚೆ ಮಹಡಿ ಮೇಲೆ ಹೋಗಿ. ಹೊತ್ತೇರಿದರೆ ಬಿಸಿಗಾಳಿಗೆ ದೂರದ್ದೆಲ್ಲ ನಡುಗುತ್ತದೆ, ಲೆನ್ಸ್ ಮೇಲೆ ಸುಮ್ನೆ ತಪ್ಪು ಹೊರಿಸುತ್ತೀರಿ. ನಮ್ಮೂರಲ್ಲಿ ಮುಳ್ಳಯ್ಯನಗಿರಿ ಸಾಲು ಎದುರಿಗೇ ಕಾಣುತ್ತದೆ. 1930 ಮೀಟರ್, ಕರ್ನಾಟಕದಲ್ಲೇ ಎತ್ತರದ್ದು. ಆದರೆ ಪರೀಕ್ಷೆಗೆ ಬೆಟ್ಟ ಅಷ್ಟು ಒಳ್ಳೆಯದಲ್ಲ, ಮೇಲೆಲ್ಲ ಹುಲ್ಲು, ದೂರಕ್ಕೆ ಬರೀ ಹಸಿರು. ಅದರ ಬದಲು ಒಂದು ಕಿಲೋಮೀಟರಾದರೂ ಆಚೆ ಇರುವ ಮೊಬೈಲ್ ಟವರ್ ಹುಡುಕಿ. ಕಂಬಿ, ಏಣಿ, ಡಿಶ್ ಎಲ್ಲ ಇರುವುದರಿಂದ ಮಸುಕಾದರೆ ತಕ್ಷಣ ಗೊತ್ತಾಗುತ್ತದೆ.

ಟ್ರೈಪಾಡ್ ಮೇಲೆ ಕ್ಯಾಮೆರಾ ಇಡಿ. ಕೈ ನಡುಕ ತಡೆಯುವ ಸ್ಟೆಬಿಲೈಸರ್ ಆಫ್ ಮಾಡಿ. ಅಪರ್ಚರ್ ಪೂರ್ತಿ ತೆರೆದಿರಲಿ, ಎಫ್ 4 ಆದರೆ ಎಫ್ 4. ಐಎಸ್‌ಒ ಕಡಿಮೆ, ಶಟರ್ 1/250 ಸೆಕೆಂಡಿಗಿಂತ ವೇಗವಾಗಿರಲಿ. ಟವರನ್ನು ನಡುವೆ ಇಟ್ಟು ಫೋಕಸ್ ಮಾಡಿ, ಮ್ಯಾನ್ಯುಯಲ್‌ಗೆ ಬದಲಿಸಿ. ಇನ್ನು ಫೋಕಸ್ ರಿಂಗ್ ಮುಟ್ಟಬೇಡಿ. ನಡುವೆ ಒಂದು ಫೋಟೋ. ಆಮೇಲೆ ಕ್ಯಾಮೆರಾ ತಿರುಗಿಸಿ ಅದೇ ಟವರ್ ಮೇಲಿನ ಎಡ ಮೂಲೆಗೆ ಬರುವಂತೆ ಮಾಡಿ ಒಂದು, ಮೇಲಿನ ಬಲಕ್ಕೆ ಒಂದು, ಕೆಳಗಿನ ಎರಡು ಮೂಲೆಗೆ ಒಂದೊಂದು. ಎಲ್ಲದರಲ್ಲೂ ಅಂಚಿನಿಂದ ಒಂದೇ ಅಂತರ ಇರಲಿ. ಪೂರ್ತಿ ಅಗಲದಲ್ಲಿ, ನಡುವಿನಲ್ಲಿ, ಪೂರ್ತಿ ಝೂಮ್‌ನಲ್ಲಿ ಇದನ್ನೇ ಮಾಡಿ. ಪ್ರತಿ ಸಲ ಝೂಮ್ ಬದಲಿಸಿದ ಮೇಲೆ ನಡುವೆ ಇಟ್ಟು ಹೊಸದಾಗಿ ಫೋಕಸ್ ಮಾಡಿ. ಇಂಥ ಝೂಮ್‌ಗಳಲ್ಲಿ ಬಹಳಷ್ಟಕ್ಕೆ ಝೂಮ್ ಬದಲಾದರೆ ಫೋಕಸ್ಸೂ ಚೂರು ಸರಿಯುತ್ತದೆ.

ಕಂಪ್ಯೂಟರ್‌ನಲ್ಲಿ 100 ಪರ್ಸೆಂಟ್‌ಗೆ ಹಿಗ್ಗಿಸಿ ನಾಲ್ಕು ಮೂಲೆಯನ್ನೂ ಪಕ್ಕಪಕ್ಕ ಇಡಿ. ನಡುವಿನ ಫೋಟೋ ಜೊತೆ ಹೋಲಿಸಬೇಡಿ, ಮೂಲೆಗಳು ಅದಕ್ಕಿಂತ ಮಸುಕಾಗಿಯೇ ಇರುತ್ತವೆ. ಮೂಲೆ ಮೂಲೆಯನ್ನೇ ಹೋಲಿಸಿ. ನಾಲ್ಕೂ ಒಂದೇ ರೀತಿ ಮಸುಕಿದ್ದರೆ ಅದು ಆ ಮಾಡೆಲ್‌ನ ಗುಣ, ಬೇರೆ ಪೀಸ್ ತಂದರೂ ಹಾಗೇ. ಒಂದು ಅಥವಾ ಒಂದೇ ಕಡೆಯ ಎರಡು ಮೂಲೆ ಎದ್ದು ಕಾಣುವಷ್ಟು ಕೆಟ್ಟಿದ್ದರೆ ಆ ಪೀಸ್ ವಾಪಸ್ ಹೋಗಬೇಕು. ಸಣ್ಣಪುಟ್ಟ ವ್ಯತ್ಯಾಸ ಎಲ್ಲ ಝೂಮ್‌ಗಳಲ್ಲೂ ಇರುತ್ತದೆ. ಎಫ್ 8ಕ್ಕೆ ತಂದಾಗ ನಾಲ್ಕೂ ಸಮ ಆದರೆ ನಾನು ಇಟ್ಟುಕೊಳ್ಳುತ್ತೇನೆ. ಎಫ್ 8ರಲ್ಲೂ ಒಂದು ಮೂಲೆ ಮಸುಕಿದ್ದರೆ ಇಲ್ಲ.

ಟವರ್ ಸಿಗದಿದ್ದರೆ ಗೋಡೆ. ಇಟ್ಟಿಗೆ ಕಾಣುವ, ಉದ್ದನೆಯ, ಸಪಾಟಾದ ಕಾಂಪೌಂಡ್ ಗೋಡೆ. ಕ್ಯಾಮೆರಾ ಗೋಡೆಗೆ ನೇರ ಇದೆಯಾ ಅನ್ನುವ ಅನುಮಾನ ಇಲ್ಲಿ ಯಾವಾಗಲೂ ಇರುತ್ತದೆ. ಅದಕ್ಕೆ ಒಂದು ಉಪಾಯ. ಒಂದು ಫೋಟೋ ತೆಗೆದು, ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಂದು ತೆಗೆಯಿರಿ. ಮಸುಕು ಗೋಡೆಯ ಅದೇ ಜಾಗದಲ್ಲೇ ಉಳಿದರೆ ನೀವು ಓರೆ ನಿಂತಿದ್ದೀರಿ. ಮಸುಕು ಕ್ಯಾಮೆರಾ ಜೊತೆ ಆ ಕಡೆಯಿಂದ ಈ ಕಡೆಗೆ ಬಂದರೆ ತಪ್ಪು ಲೆನ್ಸಿನದು.

ಹಳೇಬೀಡಿಗೆ ಹೋಗಿ ಹೊಯ್ಸಳೇಶ್ವರನ ಗೋಡೆ ಮೇಲೆ ಈ ಪರೀಕ್ಷೆ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಆ ಗೋಡೆ ಸಪಾಟಾಗಿಲ್ಲ, ಕೋನ ಕೋನವಾಗಿ ಒಳಗೆ ಹೊರಗೆ ಮುರಿಯುತ್ತಾ ಹೋಗುತ್ತದೆ. ನಡುವೆ ಫೋಕಸ್ ಮಾಡಿದರೆ ಪಕ್ಕದ್ದು ತಾನಾಗೇ ಹಿಂದೆ ಹೋಗಿರುತ್ತದೆ. ಒಳ್ಳೆಯ ಲೆನ್ಸ್ ಕೂಡ ಅಲ್ಲಿ ಫೇಲ್. ಆದರೆ ಆನೆ ಸಾಲಿನ ಒಂದೇ ಆನೆಯನ್ನು ಫ್ರೇಮ್ ನಡುವೆ ತುಂಬಿಸಿ ತೆಗೆದು ನೋಡಿ. ಓರೆ ಬಿಸಿಲಿನಲ್ಲಿ ಬಳಪದ ಕಲ್ಲಿನ ಮೇಲಿನ ಉಳಿ ಗೆರೆ ಎಷ್ಟು ಬಿಡಿಸಿ ಕಾಣುತ್ತದೆ ಅನ್ನುವುದು ಲೆನ್ಸಿನ ಕಾಂಟ್ರಾಸ್ಟ್‌ಗೆ ಒಳ್ಳೆಯ ಪರೀಕ್ಷೆ.

ಅಪರ್ಚರ್, ಸೊಟ್ಟ ಗೆರೆ, ನೇರಳೆ ಅಂಚು

ಅದೇ ಟ್ರೈಪಾಡ್ ಮೇಲೆ ಎಫ್ 4, 5.6, 8, 11, 16ರಲ್ಲಿ ಒಂದೊಂದು ಫೋಟೋ ತೆಗೆಯಿರಿ. ಹೆಚ್ಚಿನ ಲೆನ್ಸ್‌ಗಳು 5.6ರಿಂದ 8ರ ನಡುವೆ ಚೆನ್ನಾಗಿರುತ್ತವೆ. 16ರಲ್ಲಿ ಮತ್ತೆ ಮೆತ್ತಗಾಗುತ್ತದೆ, ಅದು ಡಿಫ್ರಾಕ್ಷನ್, ಕಿಂಡಿ ತೀರಾ ಚಿಕ್ಕದಾದಾಗ ಬೆಳಕು ಹರಡುವುದು, ಎಷ್ಟು ದುಡ್ಡು ಕೊಟ್ಟ ಲೆನ್ಸ್ ಆದರೂ ತಪ್ಪಿದ್ದಲ್ಲ. ನಾನು ಮುಖ್ಯವಾಗಿ ನೋಡುವುದು ಎಫ್ 4 ಅನ್ನು. ಎಫ್ 4ರಲ್ಲಿ ಬಳಸಲು ಆಗದಿದ್ದರೆ ಎಫ್ 4 ಲೆನ್ಸ್‌ಗೆ ಜಾಸ್ತಿ ದುಡ್ಡು ಕೊಟ್ಟಿದ್ದು ಯಾಕೆ, ಅಲ್ವಾ?

24ರಲ್ಲಿ ಬಾಗಿಲ ಚೌಕಟ್ಟು ಹೊರಗೆ ಉಬ್ಬುತ್ತದೆ, ಝೂಮ್ ತುದಿಯಲ್ಲಿ ಸ್ವಲ್ಪ ಒಳಗೆ ಬಾಗುತ್ತದೆ. ಮೂಲೆಗಳು ಕಪ್ಪಾಗುತ್ತವೆ. ಜೆಪೆಗ್‌ನಲ್ಲಿ ಕ್ಯಾಮೆರಾ ಇವನ್ನೆಲ್ಲ ತಾನೇ ತಿದ್ದಿಬಿಡುತ್ತದೆ. ಸಾಫ್ಟ್‌ವೇರ್ ತಿದ್ದುತ್ತದೆ ಅನ್ನುವ ಲೆಕ್ಕದಲ್ಲೇ ಮಾಡಿದ ಹೊಸ ಲೆನ್ಸ್‌ಗಳೂ ಇವೆ. ನನಗೆ ಅದರಲ್ಲಿ ತಕರಾರಿಲ್ಲ.

ನೇರಳೆ ಅಂಚಿಗೆ ನಮ್ಮ ಕಾಫಿ ತೋಟಕ್ಕಿಂತ ಕಠಿಣ ಪರೀಕ್ಷೆ ಇಲ್ಲ. ಮಳೆಗಾಲದ ಬಿಳಿ ಆಕಾಶ, ಅದರ ಎದುರು ಸಿಲ್ವರ್ ಓಕ್ ಎಲೆ. ಎಫ್ 4ರಲ್ಲಿ ಎಲೆಯ ಅಂಚಿಗೆ ನೇರಳೆ ಬಣ್ಣ ಎಷ್ಟು ಹತ್ತುತ್ತದೆ ನೋಡಿ. ಫ್ರೇಮಿನ ಅಂಚುಗಳಲ್ಲಿ ಮಾತ್ರ ಕಾಣುವ ಕೆಂಪು-ಹಸಿರು ಗೆರೆ ಒಂದೇ ಕ್ಲಿಕ್‌ನಲ್ಲಿ ಹೋಗುತ್ತದೆ. ನಡುವಿನಲ್ಲೂ ಹರಡುವ ನೇರಳೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಫೋಕಸ್

ಡಿಎಸ್‌ಎಲ್‌ಆರ್ ಇರುವವರು ಒಂದು ಸ್ಕೇಲನ್ನು ಓರೆಯಾಗಿ ಇಟ್ಟು, ಅದರ ಪಕ್ಕದಲ್ಲಿ ಒಂದು ಬಿಸ್ಕತ್ ಡಬ್ಬ ನೇರವಾಗಿ ನಿಲ್ಲಿಸಿ, ಡಬ್ಬದ ಅಕ್ಷರಗಳ ಮೇಲೆ ಫೋಕಸ್ ಮಾಡಿ. ಪ್ರತಿ ಫೋಟೋಗೂ ಮುಂಚೆ ಫೋಕಸ್ ಕೆಡಿಸಿ ಮತ್ತೆ ಮಾಡಿಸಿ. ಯಾವಾಗಲೂ ಡಬ್ಬದ ಹಿಂದೆಯೇ, ಇಲ್ಲವೇ ಮುಂದೆಯೇ ಬೀಳುತ್ತಿದ್ದರೆ ಕ್ಯಾಮೆರಾದ ಎಎಫ್ ಫೈನ್ ಟ್ಯೂನ್‌ನಲ್ಲಿ ಸರಿ ಮಾಡಬಹುದು, ಬಾಡಿಯಲ್ಲಿ ಆ ಸೌಲಭ್ಯ ಇದ್ದರೆ. ಒಮ್ಮೆ ಮುಂದೆ, ಒಮ್ಮೆ ಹಿಂದೆ ಆದರೆ ರಿಪೇರಿ ಕೇಸು. ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾದವರಿಗೆ ಈ ಕಾಟ ಕಡಿಮೆ, ಸೆನ್ಸರ್ ಮೇಲೆಯೇ ಫೋಕಸ್ ಅಳೆಯುವುದರಿಂದ. ಅವರು ಮನೆಯ ಮಗುವನ್ನು ತಮ್ಮ ಕಡೆಗೆ ಓಡಿಸಿ, ಒಂದೇ ಸಮನೆ ತೆಗೆದು ನೋಡಲಿ.

ಎಷ್ಟು ಹತ್ತಿರ ಹೋಗಬಹುದು ಅನ್ನುವುದನ್ನೂ ಮರೆಯಬೇಡಿ. ನಿಕಾನ್‌ನ ಝಡ್ 24-120 ವಸ್ತುವನ್ನು ಸೆನ್ಸರ್ ಮೇಲೆ ಅದರ ನಿಜ ಗಾತ್ರದ 0.39 ಪಟ್ಟು ಬೀಳಿಸುತ್ತದೆ, ಕ್ಯಾನನ್ ಆರ್‌ಎಫ್ 24-105 ಎಫ್ 4 ಸುಮಾರು 0.24. ಮಾಂಗಲ್ಯ, ಕಾಲುಂಗುರ, ಮೆಹಂದಿ ತೆಗೆಯುವವರಿಗೆ ಈ ವ್ಯತ್ಯಾಸ ದೊಡ್ಡದು. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಗಿಡ ಬೆಳ್ಳಗಾದಾಗ ಒಂದು ಗೊಂಚಲು ಫ್ರೇಮ್ ತುಂಬುತ್ತದಾ ನೋಡಿ.

ಸ್ಟೆಬಿಲೈಸರ್ ಬೇಲೂರಿನಲ್ಲಿ

ಬೇಲೂರು ನಮಗೆ ಹತ್ತಿರ. 1117ರ ಚೆನ್ನಕೇಶವನ ಗುಡಿ, ನವರಂಗದ ಒಳಗೆ ನಡುಮಧ್ಯಾಹ್ನವೂ ಮಬ್ಬು. ಟ್ರೈಪಾಡ್ ಇಡಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಸ್ಟೆಬಿಲೈಸರ್ ನಿಜವಾಗಿ ಬೇಕಾಗುವುದು ಇಲ್ಲೇ.

ನರಸಿಂಹ ಕಂಬದ ಎದುರು ನಿಂತುಕೊಳ್ಳಿ. ಮೈತುಂಬ ಪುಟ್ಟ ಪುಟ್ಟ ಕೆತ್ತನೆ. ಅದರಲ್ಲಿ ಒಂದೇ ಒಂದು ಗೊಂಬೆ ಆರಿಸಿ ಫೋಕಸ್ ಪಾಯಿಂಟ್ ಅದರ ಮೇಲಿಡಿ. ಮೊಣಕೈ ಪಕ್ಕೆಗೆ ಒತ್ತಿ, ಉಸಿರು ಅರ್ಧ ಬಿಟ್ಟು, 105 ಎಂಎಂನಲ್ಲಿ 1/50, 1/25, 1/12, 1/6 ಹೀಗೆ ಇಳಿಯುತ್ತಾ ಹೋಗಿ. ಪ್ರತಿ ವೇಗಕ್ಕೂ ಹತ್ತು ಫೋಟೋ. ಗೈಡ್ ಟಾರ್ಚ್ ಬಿಟ್ಟಾಗ ಸ್ವಲ್ಪ ನಿಲ್ಲಿಸಿ, ಬೆಳಕು ಬದಲಾಗುತ್ತದೆ. ಮನೆಗೆ ಬಂದು ಹತ್ತರಲ್ಲಿ ಎಷ್ಟು ಶಾರ್ಪ್ ಬಂದಿದೆ ಎಣಿಸಿ. ಎಂಟು ಬಂದಿದ್ದರೆ ಆ ವೇಗ ನಿಮ್ಮದು. ಸ್ಟೆಬಿಲೈಸರ್ ಇಲ್ಲದೆ 105ಕ್ಕೆ ಸುಮಾರು 1/100 ಬೇಕು ಅನ್ನುವುದು ಹಳೇ ಲೆಕ್ಕ. ಕಂಪನಿ ನಾಲ್ಕು ಸ್ಟಾಪ್ ಅಂದರೆ 1/6 ಅಂತ ಅರ್ಥ. ನಿಮ್ಮ ಕೈಗೆ ಮೂರು ಸ್ಟಾಪ್ ಸಿಕ್ಕರೂ ಬೇಜಾರಾಗಬೇಡಿ.

ಸ್ಟೆಬಿಲೈಸರ್ ನಿಲ್ಲಿಸುವುದು ನಿಮ್ಮ ಕೈ ನಡುಕವನ್ನು ಮಾತ್ರ. ಧಾರೆ ಹೊತ್ತಿಗೆ ಗಾಳಿಯಲ್ಲಿರುವ ಅಕ್ಷತೆಯನ್ನು ಅದು ನಿಲ್ಲಿಸುವುದಿಲ್ಲ. ಅದಕ್ಕೆ 1/250 ಬೇಕು, ಬೆಳಕು ಬೇಕು, ಅಲ್ಲೇ ಎಫ್ 2.8 ಗೆಲ್ಲುವುದು. ಜನರನ್ನು ತೆಗೆಯುವುದೇ ಜಾಸ್ತಿ ಅನ್ನುವವರಿಗೆ ನಾನು 28-75 ಎಫ್ 2.8 ಕಡೆಗೇ ಕೈ ತೋರಿಸುತ್ತೇನೆ. ಗುಡಿ, ಬೆಟ್ಟ, ಮನೆ ತೆಗೆಯುವವರಿಗೆ 24-105.

ರಿಸೆಪ್ಷನ್ ವೇದಿಕೆಯ ಎಲ್‌ಇಡಿ ದೀಪಗಳು ಫ್ರೇಮ್ ಒಳಗೆ ಬಂದಾಗ ಹಸಿರು ಚುಕ್ಕೆ ಬೀಳುತ್ತದಾ, ಮುಖಗಳೆಲ್ಲ ಮಬ್ಬಾಗುತ್ತವಾ ಅನ್ನುವುದನ್ನು ಮೊದಲ ಮದುವೆಯಲ್ಲೇ ಗಮನಿಸಿ. ಅಗ್ಗದ ಫಿಲ್ಟರ್ ಹಾಕಿದ್ದರೆ ತೆಗೆದು ಮತ್ತೆ ನೋಡಿ. ಎಷ್ಟೋ ಸಲ ತಪ್ಪು ಅದರದ್ದೇ.

ಮಳೆ, ಮಂಜು

ಲೆನ್ಸ್ ಹಿಂಭಾಗದ ಲೋಹದ ಸುತ್ತ ತೆಳ್ಳನೆಯ ರಬ್ಬರ್ ಬಳೆ ಇದೆಯಾ ಮುಟ್ಟಿ ನೋಡಿ. ಇದ್ದರೆ ಹನಿ ಮಳೆಗೆ, ಬೆಟ್ಟದ ಮಂಜಿಗೆ ಸ್ವಲ್ಪ ಧೈರ್ಯ. ಆದರೆ ವಾಟರ್‌ಪ್ರೂಫ್ ಅಂತ ಅಲ್ಲ. ಝೂಮ್ ಮಾಡಿದಾಗ ಉದ್ದವಾಗುವ ಲೆನ್ಸ್ ಪ್ರತಿ ಸಲವೂ ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ. ಒದ್ದೆಯಾದ ಕೊಳವೆಯನ್ನು ಒರೆಸದೆ ಒಳಗೆ ಎಳೆಯಬೇಡಿ.

ಡ್ರೈ ಕ್ಯಾಬಿನೆಟ್ ಇದ್ದರೆ ತೇವಾಂಶ 40ರಿಂದ 50 ಪರ್ಸೆಂಟ್‌ನಲ್ಲಿಡಿ. ಇಲ್ಲದಿದ್ದರೆ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಅದನ್ನು ಬಿಸಿ ಮಾಡಿ ಒಣಗಿಸಬೇಕು, ಇದನ್ನೇ ಎಲ್ಲರೂ ಮರೆಯುವುದು. ಅಕ್ಕಿ ಡಬ್ಬದಲ್ಲಿ ಇಡಬೇಡಿ, ಬರೀ ಹುಡಿ.

ವಾಪಸ್ ಕಳಿಸುವುದಾದರೆ

ಆನ್‌ಲೈನ್‌ನಲ್ಲಿ ತಗೊಂಡರೆ ಬಾಕ್ಸ್ ಒಡೆಯುವಾಗಲೇ ವಿಡಿಯೋ ಮಾಡಿಕೊಳ್ಳಿ, ಸೀಲ್ ಮತ್ತು ಸೀರಿಯಲ್ ನಂಬರ್ ಕಾಣುವ ಹಾಗೆ. ಬಿಲ್‌ನಲ್ಲಿರುವ ನಂಬರ್, ಲೆನ್ಸ್ ಮೇಲಿನ ನಂಬರ್ ಒಂದೇ ಇದೆಯಾ ನೋಡಿ. ವಾರಂಟಿ ಭಾರತದ್ದಾ ಕೇಳಿ. ಬೆಲೆ ತೀರಾ ಕಡಿಮೆ ಇದ್ದರೆ ಹೆಚ್ಚಾಗಿ ಹೊರಗಿನ ಮಾಲು, ಇಲ್ಲಿನ ಸರ್ವಿಸ್ ಸೆಂಟರ್ ವಾರಂಟಿಯಲ್ಲಿ ಮುಟ್ಟುವುದಿಲ್ಲ.

ದೂರು ಬರೆಯುವಾಗ "ಶಾರ್ಪ್ ಇಲ್ಲ" ಅಂತ ಬರೆದರೆ ಯಾರೂ ಕೇಳುವುದಿಲ್ಲ. ಟವರ್‌ನ ನಾಲ್ಕು ಮೂಲೆಯ ಫೋಟೋ ಕಳಿಸಿ. ಎಷ್ಟು ಎಂಎಂ, ಯಾವ ಅಪರ್ಚರ್, ಯಾವ ಮೂಲೆ ಅಂತ ಒಂದೊಂದರ ಕೆಳಗೂ ಬರೆಯಿರಿ. ರಿಪೇರಿ ಬೇಡ, ಬದಲಿ ಪೀಸ್ ಕೊಡಿ ಅಂತ ಮೊದಲೇ ಕೇಳಿ. ಬದಲಿ ಬಂದ ಮೇಲೆ ಅದನ್ನೂ ಮಹಡಿಗೆ ತಗೊಂಡು ಹೋಗಿ, ಅದೇ ಟವರ್‌ಗೆ ಹಿಡಿಯಿರಿ. ಅಲ್ಲಿವರೆಗೆ ಬಾಕ್ಸ್, ಥರ್ಮೋಕೋಲ್, ಪ್ಲಾಸ್ಟಿಕ್ ಕವರ್ ಯಾವುದನ್ನೂ ಎಸೆಯಬೇಡಿ.